ವಂದನಾರ್ಪಣೆಯ ಕೊನೆಯ ಹೆಸರು

‘ಈಗ ವಂದನಾರ್ಪಣೆ’ ಎಂದು ಮೈಕಿನಲ್ಲಿ ಹೇಳಿದ್ದೇ ತಡ, ಜನ ಕುರ್ಚಿ ಸರಿಸಿ ಎದ್ದುಬಿಡುತ್ತಾರೆ. ಎಂಟು ವರ್ಷದಿಂದ ಡ್ರಾಯಿಂಗ್ ಟೀಚರ್ ಅವರ ಹಣೆಬರಹ ಇದೇ. ನಡೆಯಲಾಗದವರಿಗೆ ಗಾಲಿಕುರ್ಚಿಗಳನ್ನು ಪುಕ್ಕಟೆ ಎರವಲು ಕೊಡುವ ಪುಟ್ಟ ಸಂಸ್ಥೆ ಅದು. ಅದರ ವಾರ್ಷಿಕ ಸಭೆಯಲ್ಲಿ ದಾನಿಗಳಿಗೆ ಧನ್ಯವಾದ ಹೇಳುವ ಕೆಲಸ ಅವರ ಕೊರಳಿಗೆ ಬಿದ್ದಿತ್ತು. ಸ್ವಾಗತ ಭಾಷಣವನ್ನು ಮಾತ್ರ ಅಧ್ಯಕ್ಷರು ಯಾರಿಗೂ ಬಿಡುತ್ತಿರಲಿಲ್ಲ. ಯಾಕೆ ಬಿಡುತ್ತಾರೆ ಹೇಳಿ, ಆಗ ಸಭಾಂಗಣ ತುಂಬಿರುತ್ತದಲ್ಲ!

ತನಗಾಗಿ ಟೀಚರ್‌ಗೆ ಬೇಸರವಿರಲಿಲ್ಲ. ಹೊಟ್ಟೆ ಉರಿಯುತ್ತಿದ್ದದ್ದು ಸೈಕಲ್ ಶಾಪಿನವರ ಸಲುವಾಗಿ. ದುಡ್ಡು ಕೊಟ್ಟವರ ಹೆಸರು ಮೊದಲು, ಸಾಮಾನು ಕೊಟ್ಟವರದು ಆಮೇಲೆ, ದುಡಿದು ಕೊಟ್ಟವರದು ಕಟ್ಟಕಡೆಗೆ ಎಂಬುದು ಅಧ್ಯಕ್ಷರ ಕ್ರಮ. ವಾಪಸ್ ಬಂದ ಒಂದೊಂದು ಕುರ್ಚಿಯ ಚಕ್ರ ಬಿಚ್ಚಿ, ಬೇರಿಂಗ್ ತೊಳೆದು, ಬ್ರೇಕು ಬಿಗಿದು ಕೊಡುವ ಈ ಮನುಷ್ಯ ಪ್ರತಿ ವರ್ಷ ಇಸ್ತ್ರಿ ಅಂಗಿ ತೊಟ್ಟು ಬಂದು ಹಿಂದಿನ ಸಾಲಿನಲ್ಲಿ ಕೂರುತ್ತಿದ್ದರು. ತನ್ನ ಹೆಸರು ಬಂದಾಗ ಖಾಲಿ ಕುರ್ಚಿಗಳ ನಡುವೆ ಒಬ್ಬರೇ ಎದ್ದು ಕೈಮುಗಿಯುತ್ತಿದ್ದರು. ಹೋದ ವರ್ಷವಂತೂ ಅಷ್ಟರಲ್ಲಿ ಮೈಕನ್ನೇ ಆರಿಸಿಬಿಟ್ಟಿದ್ದರು.

ಈ ಸಲ ಅವರ ಹೆಂಡತಿಯೂ ಜೊತೆಗೆ ಬಂದಿದ್ದರು. ಆಕೆ ಟೀಚರನ್ನು ಬಾಗಿಲಲ್ಲೇ ಹಿಡಿದುಕೊಂಡರು.

“ನಮ್ಮನೆ ಫ್ಯಾನು ಮೂರು ತಿಂಗಳಿಂದ ಕೊರ್ರ್ ಅಂತಿದೆ ಟೀಚರ್. ಅದನ್ನ ಮುಟ್ಟೋಕೆ ಇವರಿಗೆ ಪುರುಸೊತ್ತಿಲ್ಲ. ನಿಮ್ಮ ಕುರ್ಚಿ ಅಂದ್ರೆ ಊಟ ಬಿಟ್ಟು ಓಡ್ತಾರೆ. ಬೈದ್ರೆ, ಸಭೆಯಲ್ಲಿ ನನ್ನ ಹೆಸರು ಕೂಗಿದಾಗ ಎಲ್ಲರೂ ಚಪ್ಪಾಳೆ ಹೊಡೀತಾರೆ ಕಣೇ ಅಂತಾರೆ. ಅದೇನು ನೋಡೇಬಿಡೋಣ ಅಂತ ಬಂದೆ!”

ಟೀಚರ್ ಸೈಕಲ್ ಶಾಪಿನವರ ಮುಖ ನೋಡಿದರು. ಅವರು ನೆಲ ನೋಡುತ್ತಿದ್ದರು. ಅಯ್ಯೋ ಪುಣ್ಯಾತ್ಮ, ಇಷ್ಟು ವರ್ಷ ಮನೆಯಲ್ಲಿ ಹೀಗೆ ಹೇಳಿಕೊಂಡು ಬಂದಿದ್ದೀರಾ!

“ಈ ಸಲ ನನ್ನ ಮಾತು ಮೊದಲು ಇಟ್ಕೊಳ್ಳಿ ಸಾರ್,” ಎಂದು ಟೀಚರ್ ಅಧ್ಯಕ್ಷರ ಹತ್ತಿರ ಓಡಿದರು.

“ಛೆ ಛೆ, ಅದು ಕ್ರಮ ಅಲ್ಲ,” ಎಂದರು ಅಧ್ಯಕ್ಷರು.

ಮುಖ್ಯ ಅತಿಥಿಗಳು ಐವತ್ತು ನಿಮಿಷ ಜನರ ತಲೆ ತಿಂದರು. ಹೊರಗೆ ಚಹಾ ಲೋಟಗಳ ಸದ್ದು ಶುರುವಾಯಿತು. ಟೀಚರ್ ಎದ್ದು ಎರಡನೆಯ ಹೆಸರು ಓದುವಷ್ಟರಲ್ಲಿ ಕಾಣುತ್ತಿದ್ದದ್ದು ಬರೀ ಬೆನ್ನುಗಳು. ಹಿಂದಿನ ಸಾಲಿನಲ್ಲಿ ಆ ಹೆಂಗಸು ಬಾಗಿಲ ಕಡೆಗೊಮ್ಮೆ, ಗಂಡನ ಕಡೆಗೊಮ್ಮೆ ನೋಡುತ್ತಿದ್ದರು. ಟೀಚರ್‌ಗೆ ಪಿತ್ತ ನೆತ್ತಿಗೇರಿತು. ವೈರ್ ಇಲ್ಲದ ಮೈಕನ್ನು ಸ್ಟ್ಯಾಂಡಿನಿಂದ ಕಿತ್ತುಕೊಂಡು ವೇದಿಕೆಯಿಂದ ಇಳಿದೇಬಿಟ್ಟರು.

“ಬನ್ನಿ ನನ್ನ ಜೊತೆ,” ಎಂದು ಗಂಡಹೆಂಡತಿ ಇಬ್ಬರನ್ನೂ ಎಬ್ಬಿಸಿಕೊಂಡು ಹೊರಟರು.

ವರಾಂಡದಲ್ಲಿ ಚಹಾಕ್ಕೆ ಉದ್ದದ ಸಾಲು. ಕೈಗೆ ಲೋಟ ಬರುವ ತನಕ ಅಂಥ ಸಾಲನ್ನು ಬಿಟ್ಟು ಅಲ್ಲಾಡುವ ಪ್ರಾಣಿ ಇನ್ನೂ ಹುಟ್ಟಿಲ್ಲ. ಟೀಚರ್ ಹೋಗಿ ನಲ್ಲಿಯಿದ್ದ ಚಹಾ ಹಂಡೆಯ ಪಕ್ಕ ನಿಂತು, “ಸ್ವಲ್ಪ ನಲ್ಲಿ ನಿಲ್ಲಿಸಪ್ಪಾ,” ಎಂದು ಚಹಾದವನಿಗೆ ಹೇಳಿದರು.

“ಎಲ್ಲರೂ ಇಲ್ಲೇ ಇದ್ದೀರಿ, ಒಳ್ಳೇದಾಯ್ತು. ಇವತ್ತು ಪಟ್ಟೀನ ಕೆಳಗಿಂದ ಓದ್ತೀನಿ.”

“ಟೀಚರ್, ಕ್ರಮ...” ಎಂದು ಅಧ್ಯಕ್ಷರು ಮುಂದೆ ಬಂದರು.

“ಸಾಲಲ್ಲಿ ನಿಂತ್ಕೊಳ್ಳಿ ಸಾರ್!”

ಆಮೇಲೆ ಸೈಕಲ್ ಶಾಪಿನವರ ಹೆಸರನ್ನು, ಅವರ ಅಪ್ಪನ ಹೆಸರಿನ ಸಮೇತ, ಗಟ್ಟಿಯಾಗಿ ಹೇಳಿದರು. “ನಿಮ್ಮ ಮನೆಗೆ ಬಂದ ಕುರ್ಚಿ ಒಂದು ದಿನನಾದ್ರೂ ಕಿರ್ ಅಂದಿತ್ತಾ? ಅನ್ನಲಿಲ್ಲ ಅಂದ್ರೆ ಅದು ಇವರ ಕೈ.”

“ಹೌದಲ್ರೀ! ನಮ್ಮಪ್ಪ ಕಡೇತನಕ ಅದರಲ್ಲೇ ಬೀದಿ ಸುತ್ತಿದ್ರು. ಒಂದ್ಸಲಾನೂ ಕೆಡಲಿಲ್ಲ!” ಎಂದು ಸಾಲಿನ ಮಧ್ಯದಿಂದ ಯಾರೋ ಕೂಗಿದರು. ಒಬ್ಬರು ಚಪ್ಪಾಳೆ ಶುರುಮಾಡಿದರು. ಇಡೀ ವರಾಂಡ ಸೇರಿಕೊಂಡಿತು. ಸೈಕಲ್ ಶಾಪಿನವರು ಮುಗಿದ ಕೈ ಇಳಿಸುವುದನ್ನೇ ಮರೆತು ನಿಂತಿದ್ದರು. ಅವರ ಕಣ್ಣು ತುಂಬಿತ್ತು. ಟೀಚರದೂ ಅಷ್ಟೇ.

ಚಪ್ಪಾಳೆ ನಿಂತ ಮೇಲೆ ಅವರು ಮೆಲ್ಲಗೆ ಹೆಂಡತಿಯ ಕಡೆ ತಿರುಗಿದರು. “ಕೇಳಿಸ್ತೇನೇ?”

ಆಕೆ ಕರವಸ್ತ್ರದಲ್ಲಿ ಮೂಗು ಒರೆಸಿಕೊಂಡರು.

“ಇಲ್ಲಪ್ಪ, ಏನೂ ಕೇಳಿಸ್ಲಿಲ್ಲ. ಟೀಚರ್, ಇನ್ನೊಂದ್ಸಲ ಹೇಳಿ.”