ಆಕಾಶಕ್ಕೆ ಹತ್ತುವ ಸೇತುವೆ

ಓಸ್ಲೋದಿಂದ ಬಂದ ಸಿಗ್ನೆ, ಫೋನಿನಲ್ಲಿದ್ದ ಚಿತ್ರವೊಂದನ್ನು ಎಂಬತ್ತು ದಾಟಿದ ತಾಯಿ ರಾಗ್ನಾಳ ಮುಖಕ್ಕೆ ಹಿಡಿದಳು. ಅದರಲ್ಲಿ ಅವರೂರಿನ ಸೇತುವೆ ಸಮುದ್ರದ ಮೇಲೆ ಆಕಾಶಕ್ಕೇರಿ, ಅರ್ಧಕ್ಕೇ ಮುರಿದು ನಿಂತಂತೆ ಕಾಣುತ್ತಿತ್ತು.

"ಈ ವಯಸ್ಸಲ್ಲಿ ಇದರ ಮೇಲೆ ಕಾರು ಓಡಿಸ್ತೀಯಾ? ಕೀ ಕೊಡಮ್ಮಾ ಇಲ್ಲಿ."

"ಕೊಡಲ್ಲ ಕಣೇ. ಸೇತುವೆ ನೆತ್ತೀಲಿ ರಸ್ತೆ ಪಕ್ಕಕ್ಕೆ ತಿರುಗತ್ತೆ, ಆ ತಿರುವು ಫೋಟೋದಲ್ಲಿ ಕಾಣಲ್ಲ ಅಷ್ಟೆ. ನಡಿ, ಕಾರು ಹತ್ತು."

ಗಾಳಿ ಜೋರಾಗಿದ್ದರೂ ರಾಗ್ನಾ ಅಳುಕಲಿಲ್ಲ. ಸೇತುವೆಯ ನೆತ್ತಿ ಹತ್ತಿರವಾದಂತೆ ಸಿಗ್ನೆ ಕಣ್ಣು ಮುಚ್ಚಿಕೊಂಡಳು.

"ಕಣ್ಣು ಬಿಡೇ, ಪುಕ್ಕಲಿ!"

ಕಣ್ಣು ಬಿಟ್ಟರೆ ರಸ್ತೆ ಬಲಕ್ಕೆ ಬಾಗಿ, ಆಚೆ ದಡದ ದ್ವೀಪದ ಕಡೆಗೆ ಮೆಲ್ಲಗೆ ಇಳಿಯುತ್ತಿತ್ತು. ಸಿಗ್ನೆಗೆ ನಗು ತಡೆಯಲಾಗಲಿಲ್ಲ.

"ಇನ್ನೊಂದ್ಸಲ ಹೋಗೋಣಮ್ಮಾ."

"ಹೋಗೋಣ. ಆದ್ರೆ ಓಡಿಸೋದು ನಾನೇ," ಎಂದು ರಾಗ್ನಾ ಕಾರು ತಿರುಗಿಸಿದಳು.