ಜೊತೆಗಾರ್ತಿ

ಜೋಡಿ ಬದಲಾಗುವ ವಾರ ಬಂತೆಂದರೆ ಎಬೋ ಅಮಿಸ್ಸಾ ಮನೆಯವರ ಪಾಲಿಗೆ ಇದ್ದೂ ಇಲ್ಲದಂತೆ. ಕೇಪ್ ಕೋಸ್ಟಿನ ಮಿಷನ್‌ಗೆ ಅವನೇ ಮುಖ್ಯಸ್ಥ, ಎಲ್ಲರ ಬಾಯಲ್ಲಿ ‘ಪ್ರೆಸಿಡೆಂಟ್’. ಅವನ ಕೈಕೆಳಗೆ ನೂರಕ್ಕೂ ಮಿಕ್ಕಿ ಹುಡುಗ ಹುಡುಗಿಯರು. ಬಿಳಿ ಅಂಗಿ, ಎದೆಗೆ ಕಪ್ಪು ಹೆಸರುಪಟ್ಟಿ. ಮೀಸೆ ನೆಟ್ಟಗೆ ಮೂಡಿರದಿದ್ದರೂ ಕರೆಯುವುದು ಮಾತ್ರ ‘ಎಲ್ಡರ್’ ಎಂದು. ಇಬ್ಬಿಬ್ಬರಾಗಿ ಊರೂರು ಅಲೆದು ಸುವಾರ್ತೆ ಹೇಳುವುದು ಅವರ ಕೆಲಸ. ಆಗಾಗ ಆ ಜೋಡಿಗಳನ್ನು ಒಡೆದು ಹೊಸದಾಗಿ ಕಟ್ಟುವುದು ಎಬೋನ ಕೆಲಸ. ಅವನಿಗಿದ್ದದ್ದು ಒಂದೇ ಭಯ: ಯಾರೂ ಒಂಟಿಯಾಗಿ ಉಳಿಯಬಾರದು. ಜೊತೆಗಾರ ಕಣ್ಣಿಗೆ ಕಾಣಬೇಕು, ಕಿವಿಗೆ ಕೇಳಬೇಕು, ಬಚ್ಚಲುಮನೆಯೊಂದನ್ನು ಬಿಟ್ಟು. ಈ ಮಾತನ್ನು ಎಬೋ ಎಷ್ಟು ಸಲ ಹೇಳಿದ್ದನೆಂದರೆ, ಅವನ ಹದಿನಾಲ್ಕು ವರ್ಷದ ಮಗಳು ಅಬಾ ಅವನ ದನಿಯಲ್ಲೇ ಅದನ್ನು ಹೇಳಿ ಅಣಕಿಸುತ್ತಿದ್ದಳು.

ಅಬಾಳಿಗೆ ಹುಟ್ಟಿನಿಂದಲೇ ರಕ್ತದ ಕಾಯಿಲೆ, ಸಿಕಲ್ ಸೆಲ್. ಚೆನ್ನಾಗಿದ್ದಾಗ ಮನೆ ತುಂಬ ಅವಳದೇ ಗಲಾಟೆ. ಕೆರಳಿತೆಂದರೆ ಮೂಳೆಮೂಳೆಯೂ ನೋವು. ಅಂಥ ಹೊತ್ತಿನಲ್ಲಿ ಮೀನಮೇಷ ಎಣಿಸದೆ ಆಸ್ಪತ್ರೆಗೆ ಓಡಬೇಕು. ಇದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಎಬೋನಿಗೂ ಚೆನ್ನಾಗಿಯೇ ಗೊತ್ತಿತ್ತು.

ಸೋಮವಾರ ಮಿಷನರಿ ಹುಡುಗಿಯೊಬ್ಬಳಿಗೆ ತಡೆಯಲಾರದ ಹೊಟ್ಟೆನೋವು ಬಂತು. ಕರುಳಿನ ಆಪರೇಷನ್ ಆಗಬೇಕು ಎಂದರು. ಎಬೋನ ಹೆಂಡತಿ ಎಫುವಾ ಅವಳನ್ನೂ ಅವಳ ಜೊತೆಗಾರ್ತಿಯನ್ನೂ ಕೂರಿಸಿಕೊಂಡು ಅಕ್ರಾಗೆ ಹೊರಟಳು.

“ನಾನು ಬರೋ ತನಕ ಅಬಾನ ಒಬ್ಬಳನ್ನೇ ಬಿಡಬೇಡಿ,” ಎಂದಳು ಕಾರು ಹತ್ತುವಾಗ. “ನಿಮ್ಮ ಹುಡುಗರಿಗೆ ಜೊತೆ ಇದ್ದೇ ಇದೆ.”

“ಬಿಡ್ತೀನೇನೆ? ನೀನು ಹೊರಡು ಮೊದಲು.”

ಆಮೇಲೆ ಶುರುವಾಯಿತು ನೋಡಿ ಪಡಿಪಾಟಲು. ಒಂದು ಜೋಡಿಯ ಕೋಣೆ ತುಂಬ ತಿಗಣೆ. ಇನ್ನೊಬ್ಬನ ಪೆಟ್ಟಿಗೆ ಬೇರೆ ಬಸ್ಸು ಹತ್ತಿ ತಕೋರಾಡಿ ಸೇರಿತ್ತು. ಮತ್ತೊಬ್ಬ ಅಮ್ಮನನ್ನು ನೆನೆಸಿಕೊಂಡು ಹಾಸಿಗೆ ಬಿಟ್ಟು ಏಳಲಿಲ್ಲ. ಎಬೋ ಅವನ ಪಕ್ಕ ಕೂತು ತಲೆ ನೇವರಿಸಿ ಬಂದ. ದಿನವೂ ಮನೆ ಮುಟ್ಟಿದಾಗ ಊಟದ ಕೆಂಕೆ ಮುದ್ದೆ ಆರಿ ಕಲ್ಲಾಗಿರುತ್ತಿತ್ತು, ಮಗಳು ಮಲಗಿರುತ್ತಿದ್ದಳು. ಅಮ್ಮನಿಲ್ಲದ್ದರಿಂದ ಮಿಷನ್ ಮನೆಯ ಫೋನು ಅಬಾಳ ಕೈಗೆ ಬಂದಿತ್ತು. “ಜ್ವರಾನಾ ಎಲ್ಡರ್? ಪರೀಕ್ಷೆ ಮಾಡಿಸಿದ್ರಾ? ಸೊಳ್ಳೆಪರದೆ ಏನು ಅಲಂಕಾರಕ್ಕೆ ಕೊಟ್ಟಿದ್ದಾ?” ಎಂದು ಥೇಟ್ ಅಮ್ಮನ ಹಾಗೆಯೇ ಗದರುತ್ತಿದ್ದಳು. ಕೇಳಿ ಎಬೋ ಹಿಗ್ಗಿದ. ತನ್ನ ಭಾರದಲ್ಲಿ ಒಂದು ಪಾಲು ಮಗಳು ಹೊತ್ತಳೆಂದು ಹಿಗ್ಗಿದ, ಪುಣ್ಯಾತ್ಮ.

ಗುರುವಾರ ಬೆಳಿಗ್ಗೆ ಅವಳು ಮಂಚದ ಅಂಚಿನಲ್ಲಿ ಕೂತು ಮೊಣಕಾಲು ಒತ್ತಿಕೊಳ್ಳುತ್ತಿದ್ದಳು.

“ನೋವಾ?”

“ಸ್ವಲ್ಪ. ಮಾತ್ರೆ ತಗೊಂಡೆ.”

“ಆಸ್ಪತ್ರೆಗೆ ಹೋಗ್ಬಿಡೋಣ್ವಾ?”

ಕೇಳುತ್ತ ಅವನು ಕಾರಿನ ಕೀಲಿಗಾಗಿ ಜೇಬು ತಡಕುತ್ತಿದ್ದ. ಬಸ್ ನಿಲ್ದಾಣದಲ್ಲಿ ಹುಡುಗರು ಕಾಯುತ್ತಿದ್ದರು. ಅಬಾ ಅವನ ಕೈಯನ್ನೇ ನೋಡಿದಳು.

“ಮಧ್ಯಾಹ್ನ ಹೋಗೋಣ ಬಿಡಿ. ನಂಗೂ ಒಂದು ಹೆಸರುಪಟ್ಟಿ ಮಾಡಿಸ್ಕೊಡಿ ಪ್ರೆಸಿಡೆಂಟ್. ಆಗ ನೋಡಿ ನೀವು ಹೇಗೆ ಓಡಿಬರ್ತೀರಿ ಅಂತ.”

“ಬಾಯಿ ಜೋರು ನಿಂದು. ಮಧ್ಯಾಹ್ನ ಬಂದೇ ಬರ್ತೀನಿ,” ಎಂದು ನಕ್ಕು ಹೊರಟ.

ಬರುತ್ತಲೂ ಇದ್ದ. ಕೊನೆಯ ಬಸ್ಸು ಹತ್ತಿಸಿ ಕಾರಿಗೆ ಕೂತಾಗ ಫೋನು ಬಂತು. ಟ್ವಿಫೋ ಪ್ರಾಸೋಗೆ ಹೊಸ ಜೊತೆಗಾರನನ್ನು ತರುತ್ತಿದ್ದ ವ್ಯಾನು ದಾರಿಯಲ್ಲಿ ಕೆಟ್ಟು ನಿಂತಿದೆ. ಅಲ್ಲಿದ್ದ ಹಳೆಯ ಜೊತೆಗಾರ ಕಾಯದೆ ಬಸ್ಸು ಹತ್ತಿಬಿಟ್ಟಿದ್ದಾನೆ. ನಿಲ್ದಾಣದಲ್ಲಿ ಎಲ್ಡರ್ ಉದೋಸೆನ್ ಒಬ್ಬನೇ. ನೈಜೀರಿಯಾದಿಂದ ಮೊನ್ನೆ ಮೊನ್ನೆ ಬಂದವನು, ಊರಿನ ಮಾತೂ ಬಾರದು. ಪ್ರಾಸೋದ ಸಭೆಯ ಹಿರಿಯನಿಗೆ ಎಬೋ ಕರೆ ಮಾಡಿದ. ಆತ ತೋಟಕ್ಕೆ ಹೋಗಿದ್ದನೋ ಏನೋ, ಫೋನು ಎತ್ತಲಿಲ್ಲ. ಆಗ ಮನೆಗೆ ಮಾಡಿದ.

“ಮಗಳೇ, ಪ್ರಾಸೋದಲ್ಲಿ ಒಬ್ಬ ಹುಡುಗ ಒಂಟಿಯಾಗ್ಬಿಟ್ಟಿದಾನೆ. ಕರ್ಕೊಂಡು ಬಂದ್ಬಿಡ್ತೀನಿ. ಆಂಟಿ ಮಾನ್ಸಾ ಇದಾರೆ ತಾನೆ?”

ಅಡುಗೆಯ ಮಾನ್ಸಾ ಸೂಪು ಮುಚ್ಚಿಟ್ಟು ಆಗಲೇ ಹೊರಟುಹೋಗಿದ್ದಳೆಂದು ಎಬೋನಿಗೆ ತಿಳಿದದ್ದು ಆಮೇಲೆ.

“ಹೋಗಿ ಪಪ್ಪಾ. ಪಾಪ, ಒಬ್ಬನೇ ಹೆದರ್ಕೊಂಡಿರ್ತಾನೆ.”

ಪ್ರಾಸೋ ರಸ್ತೆ ಗುಂಡಿಗಳದೇ ರಾಜ್ಯ. ದಾರಿಯಲ್ಲಿ ಎರಡು ಸಲ ಮನೆಗೆ ಕರೆ ಮಾಡಿದ. ಎರಡು ಸಲವೂ ಫೋನು ಎಂಗೇಜ್. ಶಾಲೆಯ ಗೆಳತಿಯ ಜೊತೆ ಹರಟೆಗೆ ಕೂತಿದ್ದಾಳೆ, ಹರಟುವಷ್ಟು ಗೆಲುವಾಗಿದ್ದಾಳೆ ಎಂದುಕೊಂಡಾಗ ಅವನ ಎದೆ ಹಗುರಾಯಿತು. ಕಾರು ನಿಲ್ಲಿಸಿ ಅವಳಿಗಿಷ್ಟವೆಂದು ಸುಟ್ಟ ಬಾಳೆಹಣ್ಣು, ಶೇಂಗಾ ಕಟ್ಟಿಸಿಕೊಂಡ. ಒಲೆಯವಳ ಜೊತೆ ಹಣ್ಣು ಇನ್ನೂ ಕಂದಬೇಕಿತ್ತೆಂದು ವಾದವನ್ನೂ ಮಾಡಿದ.

ಉದೋಸೆನ್ ನಿಲ್ದಾಣದ ಮರದಡಿ ಪೆಟ್ಟಿಗೆಯ ಮೇಲೆ ಕೂತಿದ್ದ, ಫೋನನ್ನು ಕಿವಿಗೆ ಒತ್ತಿಕೊಂಡು. ಎಬೋನನ್ನು ಕಂಡು ಎದ್ದು ನಿಂತ.

“ಪ್ರೆಸಿಡೆಂಟ್, ನಾನು ಒಬ್ಬನೇ ಇರ್ಲಿಲ್ಲ! ನಿಯಮ ಮುರೀಲಿಲ್ಲ.”

“ಯಾರಿದ್ರಪ್ಪ ಜೊತೆಗೆ?”

“ಸಿಸ್ಟರ್ ಅಬಾ. ಅವರೇ ಫೋನ್ ಮಾಡಿದ್ರು. ಕಣ್ಣಿಗೆ ಕಾಣ್ದೆ ಇದ್ರೇನು, ಕಿವಿಗೆ ಕೇಳ್ತೀನಲ್ಲ, ಪಪ್ಪಾ ಬರೋ ತನಕ ನಾನೇ ನಿಮ್ಮ ಜೊತೆಗಾರ್ತಿ ಅಂದ್ರು. ಎಷ್ಟು ನಗಿಸಿದ್ರು ಗೊತ್ತಾ ನನ್ನ!”

ಎಬೋ ಫೋನಿಗೆ ಕೈ ಚಾಚಿದ.

“ಈಗ ಏನಂತಾಳೆ? ಕೊಡಿಲ್ಲಿ.”

“ಈಗ ಮಾತಾಡ್ತಿಲ್ಲ. ಮಧ್ಯೆ ಕೆಮ್ಮು ಬಂತು, ಏದುಸಿರು ಬಿಡ್ತಿದ್ರು. ಹುಷಾರಿದೀರಾ ಅಂದೆ. ಏನಾದ್ರೂ ಹಾಡಿ, ಫೋನ್ ಮಾತ್ರ ಇಡಬೇಡಿ ಅಂದ್ರು. ಗೊತ್ತಿರೋ ಹಾಡೆಲ್ಲ ಹಾಡಿದೆ. ನಿದ್ದೆ ಹೋಗಿರ್ಬೇಕು.” ಹುಡುಗನ ದನಿ ಇಳಿಯುತ್ತ ಬಂತು. “ಇಡಬೇಡಿ ಅಂದಿದ್ರಲ್ಲ, ಅದಕ್ಕೇ ಇಟ್ಟಿಲ್ಲ.”

ಎಬೋ ಫೋನು ಕಿವಿಗಿಟ್ಟ. ಮನೆಯ ಫ್ಯಾನು ಗಟಗಟ ತಿರುಗುವುದು ಕೇಳಿಸಿತು. ಪಕ್ಕದ ಮನೆಯ ಕೋಳಿ ಕೇಳಿಸಿತು. “ಅಬಾ! ಅಬಾ!” ಎಂದು ಅವನು ಕೂಗಿದ ಕೂಗಿಗೆ ನಿಲ್ದಾಣದಲ್ಲಿದ್ದವರೆಲ್ಲ ತಿರುಗಿ ನೋಡಿದರು. ಪಕ್ಕದ ಮನೆಯ ಮೇಷ್ಟ್ರ ನೆನಪು ಬಂದದ್ದು ಆಗ. ಆ ನೆನಪು ಬೆಳಿಗ್ಗೆಯೇ ಬಂದಿರಬಹುದಿತ್ತು, ಮಧ್ಯಾಹ್ನವಾದರೂ ಬಂದಿರಬಹುದಿತ್ತು. ಒಂದು ಮಾತು ಸಾಕಿತ್ತು, ಮೇಷ್ಟ್ರ ಹೆಂಡತಿ ಬಂದು ಮಗುವಿನ ಪಕ್ಕ ಕೂರುತ್ತಿದ್ದಳು. ಎಬೋನ ಕರೆ ಬಂದದ್ದೇ ಮೇಷ್ಟ್ರು ಬಾಗಿಲು ಒಡೆದು ಅವಳನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದರು.

ಅದೇ ರಸ್ತೆ, ಅವೇ ಗುಂಡಿಗಳು. ಉದೋಸೆನ್ ಪಕ್ಕದಲ್ಲಿ ಕೂತು ಇಡೀ ದಾರಿ ಪ್ರಾರ್ಥಿಸಿದ. ಎಬೋನ ಬಾಯಿಗೆ ಒಂದು ಪದವೂ ಬರಲಿಲ್ಲ. ಅಷ್ಟು ಜನ ಮಕ್ಕಳಿಗೆ ಪ್ರಾರ್ಥನೆ ಕಲಿಸಿದ ಬಾಯಿ ಅದು.

ಅವರು ಹೋಗಿ ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು. “ಕಾಯಿಲೆ ಎದೆಗೆ ಇಳಿದ್ಬಿಟ್ಟಿತ್ತು,” ಎಂದ ಎಳೆಯ ಡಾಕ್ಟರು. “ಬೆಳಿಗ್ಗೆನೇ ತಂದಿದ್ರೆ...” ಎಂದವನು ಎಬೋನ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದ.

ಉದೋಸೆನ್ ಬಾಗಿಲಲ್ಲಿ ಗೋಡೆಗೆ ಹಣೆಯಿಟ್ಟು ಬಿಕ್ಕುತ್ತಿದ್ದ. ಅವನನ್ನು ಸಮಾಧಾನ ಮಾಡಬೇಕೆಂದು ಎಬೋನಿಗೆ ತೋರಿತು, ಅಭ್ಯಾಸದಂತೆ. ಮರುಕ್ಷಣವೇ ಹಾಗೆ ತೋರಿದ್ದಕ್ಕೆ ತನ್ನ ಮೇಲೆಯೇ ಹೇಸಿಗೆಯಾಯಿತು. ಮಂಚದ ಪಕ್ಕ ಸ್ಟೂಲು ಎಳೆದುಕೊಂಡು ಕೂತ. ಆ ವಾರ ಮಗಳ ಪಕ್ಕ ಅವನು ನೆಟ್ಟಗೆ ಕೂತದ್ದು ಅದೇ ಮೊದಲು.

ಜೇಬಿನಲ್ಲಿ ಫೋನು ಅದುರಿತು. ಎಫುವಾ. ಮಗುವನ್ನು ಆಸ್ಪತ್ರೆಗೆ ಸೇರಿಸಿದೆ ಎಂದಷ್ಟೇ ಮೇಷ್ಟ್ರು ಅವಳಿಗೆ ತಿಳಿಸಿದ್ದರು.

“ದಾರೀಲಿದೀನಿ, ವಿನ್ನೇಬಾ ದಾಟ್ತು. ಹೇಗಿದಾಳೆ? ಒಬ್ಬಳನ್ನೇ ಬಿಟ್ಟಿಲ್ಲ ತಾನೆ? ಜೊತೇಲಿ ಯಾರಿದಾರೆ?”

ಎಬೋ ಮಗಳ ಕೈ ಹಿಡಿದುಕೊಂಡಿದ್ದ. ಅದು ತಣ್ಣಗಾಗುತ್ತಿತ್ತು.

“ನಾನಿದ್ದೀನಿ,” ಎಂದ.