ಡ್ರಮ್ಮಿನಲ್ಲಿ ಕಾವು ಕೂತ ಕುಂಟಿ

ಮಸ್ಕಿಯ ಮಾಸುಂಬಿಯ ಹಿತ್ತಲಲ್ಲಿ ತಿಪ್ಪೆ ಕೆದರುವುದು ಕೋಳಿಗಳ ಕೆಲಸ. ಸೆಗಣಿ, ಬಳಗಾನೂರಿನಿಂದ ತಂದ ಭತ್ತದ ಹುಲ್ಲು, ಉಳ್ಳಾಗಡ್ಡಿ ಸಿಪ್ಪೆ ಗುಡ್ಡೆ ಹಾಕಿದರೆ ಮುಗಿಯಿತು. ಹುಳ ಹುಡುಕುತ್ತ ಅವೇ ತಿರುವಿ ಹಾಕಿ ಗೊಬ್ಬರ ಮಾಡುತ್ತಿದ್ದವು. ಎಲ್ಲಕ್ಕಿಂತ ಚುರುಕು, ಕಾಲು ಸೊಟ್ಟಗಿದ್ದ ಕುಂಟಿ. ಮಾಸುಂಬಿಗೆ ಅದರ ಮೇಲೆ ಜೀವ.

ಅವಳ ಗಂಡ ರಹಮಾನಸಾಬ ಬಸ್ ಓಡಿಸಿ ರಿಟೈರಾದವನು. ಸಿಂಧನೂರಿನಲ್ಲಿ ಡೀಸೆಲ್ ಡ್ರಮ್ಮಿಗೆ ಬಾಗಿಲು ಕೊರೆಸಿ, ಮೋಟರು ಕೂಡಿಸಿ, ಗೊಬ್ಬರ ತಿರುವುವ ಯಂತ್ರ ತಂದ. ಕರೆಂಟು ಬಂದಾಗ ತಾನಾಗಿಯೇ ತಿರುಗಲಿ ಎಂದು ಹೊಲದ ಪಂಪ್‌ಸೆಟ್ಟಿನ ಆಟೋ ಸ್ಟಾರ್ಟರನ್ನೂ ಬಿಚ್ಚಿ ಅದಕ್ಕೆ ಜೋಡಿಸಿದ.

"ಇನ್ನ ಕೋಳಿಗೆ ಕೆಲಸಿಲ್ಲ," ಎಂದ. "ಮುಂದಿನ ತಿಂಗಳ ಮಗಳು ತಮನ್ನಾನ ಅತ್ತಿ-ಮಾವ ಬರ್ತಾರ. ಕುಂಟೀನ ಕೊಯ್ಯೋಣು."

"ರಿಟೈರ್ ಆದಮ್ಯಾಲೆ ನಿಮಗೂ ಕೆಲಸಿಲ್ಲಲ್ರೀ. ನಿಮ್ಮನ್ನೇನು ಮಾಡೋಣು?"

ಹುಲ್ಲು, ಸೆಗಣಿ ತುಂಬಿದ ಡ್ರಮ್ಮು ಎರಡು ಸುತ್ತು ಹಾಕಿತು. ಅಷ್ಟಕ್ಕೇ ಓಣಿಗೆ ಕರೆಂಟು ಕೊಡುವ ಟ್ರಾನ್ಸ್‌ಫಾರ್ಮರ್, ಟಿಸಿ, ಸುಟ್ಟುಹೋಯಿತು. ಹೊಸ ಟಿಸಿ ಇವತ್ತು, ನಾಳೆ ಎನ್ನುತ್ತ ವಾರಗಳು ಕಳೆದವು.

ಅಷ್ಟರಲ್ಲಿ ಕುಂಟಿ ಬಾಗಿಲು ತೆರೆದು ನಿಂತಿದ್ದ ಡ್ರಮ್ಮಿನೊಳಗೆ ಗುಟ್ಟಾಗಿ ತತ್ತಿ ಇಟ್ಟು ಕಾವು ಕೂತಿತು. ಕಾವು ಕೂತ ಕೋಳಿಗೆ ಕತ್ತಿ ಹಚ್ಚುವವರು ಆ ಓಣಿಯಲ್ಲಿರಲಿಲ್ಲ. ಅದನ್ನು ಕಂಡ ಮಾಸುಂಬಿ ಗಂಡನಿಗೆ ಹೇಳಲಿಲ್ಲ. ಗುಡುಗಿಗೆ ತತ್ತಿ ಕೆಡಬಾರದೆಂದು ಪಕ್ಕದಲ್ಲಿ ಇದ್ದಿಲು, ಕಬ್ಬಿಣದ ಮೊಳೆ ಇಟ್ಟಳು.

ಬೀಗರು ಬರುವ ದಿನ ರಹಮಾನಸಾಬ ಕತ್ತಿ ಹಿಡಿದು ಬಂದ. ಡ್ರಮ್ಮಿನಲ್ಲಿ ಇಣುಕಿದ.

"ಮೊಳಿ ಯಾಕ? ಡ್ರಮ್ಮೇ ಕಬ್ಬಿಣ ಐತಲ್ಲ."

"ಡ್ರಮ್ ಹೊರಗೈತಿ. ತತ್ತಿ ಒಳಗದಾವ."

ಅವನು ಕತ್ತಿ ಕೆಳಗಿಟ್ಟ. "ಮರಿ ಆಗಲಿ. ಆಮ್ಯಾಲೆ ಕೊಯ್ತೀನಿ."

ಆಗಲೇ ಕರೆಂಟು ಬಂತು. ಸ್ಟಾರ್ಟರ್ ಟಕ್ಕೆಂದಿತು. ಡ್ರಮ್ಮು ವಾಲಿತು, ಕುಂಟಿ ಕಿರುಚಿತು. ರಹಮಾನಸಾಬ ಟೋಪಿ ಬಿದ್ದದ್ದನ್ನೂ ನೋಡದೆ ಡ್ರಮ್ಮನ್ನು ತಬ್ಬಿಕೊಂಡ.

"ಬಂದ್ ಮಾಡಬೇ! ಬಸುರಿ-ಬಾಣಂತಿ ಪಾಪ ತಟ್ತದ!"

ಮಾಸುಂಬಿ ಕೆಂಪು ಬಟನ್ ಒತ್ತಿದಳು. ಮೋಟರು ನಿಂತಿತು. ಆದರೆ ಡ್ರಮ್ಮು ಓರೆಯಾಗಿತ್ತು. ಕೈ ಬಿಟ್ಟರೆ ಬಾಗಿಲು ಕೆಳಗಾಗಿ ತತ್ತಿಯೆಲ್ಲ ನೆಲಕ್ಕೆ.

"ಒಂದು ಇಟ್ಟಂಗಿ ತಂದು ಅಡ್ಡ ಇಡು."

"ಮರಿ ಆದಮ್ಯಾಲೆ ಕೊಯ್ತೀರೇನು?"

ಹಿತ್ತಲ ಬಾಗಿಲಲ್ಲಿ ಬೀಗರು ನಿಂತಿದ್ದರು. ಬೀಗ ಹಸನ್‌ಸಾಬ್ ಕಣ್ಣು ಕಿರಿದು ಮಾಡಿ, "ಏನ್ರೀ ಸಾಬ್ರ, ಡ್ರಮ್ಮಿಗೆ ತಬ್ಬಿ ಈದ್ ಮುಬಾರಕ್ ಹೇಳಾಕತ್ತೀರೇನು?" ಎಂದ.

"ಕೊಯ್ಯಂಗಿಲ್ಲ," ಎಂದ ರಹಮಾನಸಾಬ, ಹೆಂಡತಿಗೆ. "ಅಲ್ಲಾನ ಆಣಿ. ಎಂದೂ ಕೊಯ್ಯಂಗಿಲ್ಲ."

ಮಾಸುಂಬಿ ಮೊದಲು ಬೀಗರಿಗೆ ಚಾ ಕೊಟ್ಟಳು. ಆಮೇಲೆ ಇಟ್ಟಿಗೆ ಹುಡುಕಲು ಹೊರಟಳು. ಕುಂಟಿ ತತ್ತಿಗಳನ್ನು ಬೆಚ್ಚಗಿನ ಗೊಬ್ಬರಕ್ಕೆ ಒಪ್ಪಿಸಿ ಕೆಳಗಿಳಿಯಿತು. ಡ್ರಮ್ಮು ತಬ್ಬಿ ನಿಂತವನ ಕಾಲಬುಡದಲ್ಲಿ ನಿಧಾನವಾಗಿ ಮಣ್ಣು ಕೆದರತೊಡಗಿತು.